ಹನ್ನೊಂದರ ಕಾಫಿ ಮತ್ತು ನನ್ನ ಪಾಲಿನ ಬೈಗುಳ

“ನೀಂಗಳೇ ಸೊಲ್ಲುಂಗೊ ಸಾರ್.”

ಮದ್ರಾಸಿನ ನುಂಗಂಬಾಕ್ಕಂನ ವಿಮಾ ಕಚೇರಿಯಲ್ಲಿ ಧಾರವಾಡದಿಂದ ವರ್ಗವಾಗಿ ಬಂದು ಸೆಕ್ಷನ್ ಮುಖ್ಯಸ್ಥನಾಗಿ ಕೂತ ಮೊದಲ ದಿನ, ಕೆಲಸ ಹೇಗೆ ಹಂಚಿಕೊಳ್ಳೋಣವೆಂದು ಕೇಳಿದ್ದಕ್ಕೆ ಬಂದ ಒಕ್ಕೊರಲ ಉತ್ತರ. ನೀವೇ ಹೇಳಿ ಎಂದರ್ಥ. ಧಾರವಾಡದಲ್ಲಾಗಿದ್ದರೆ ನಾಲ್ವರು ಜಗಳವಾಡಿ, ಚಹಾ ಮುಗಿಯುವಷ್ಟರಲ್ಲಿ ತೀರ್ಮಾನ ತಾನೇ ಆಗುತ್ತಿತ್ತು. ಇಲ್ಲಿ ಎಲ್ಲರೂ ಪೆನ್ನು ಹಿಡಿದು ನನ್ನ ಅಪ್ಪಣೆಗೆ ಕಾದರು. ಬಾಡಿಗೆ ಮನೆಯಲ್ಲಿ ನೀರು ಹಿಡಿಯುವ ಹೊತ್ತನ್ನೂ ಮನೆಯೊಡತಿ ಹೇಳುತ್ತಿದ್ದಳು. ಅಪ್ಪಣೆ ಕೊಟ್ಟು ನನಗೆ ರೂಢಿಯೆಲ್ಲಿ?

ಪಕ್ಕದ ಸೆಕ್ಷನ್ನಿನ ಮುಖ್ಯಸ್ಥ ವರದಾಚಾರ್, ತಲೆಮಾರುಗಳಿಂದ ಮದ್ರಾಸಿನಲ್ಲಿದ್ದ ಮೈಸೂರು ಕಡೆಯ ಕನ್ನಡಿಗರು. ಅವರ ಕಡೆಯಿಂದ ಸದಾ ನಗು. ನನಗೆ ಹೊಟ್ಟೆಯುರಿ. ಅವರು ತಮ್ಮವರೊಂದಿಗೆ ಕಾಫಿಗೆ ಹೋಗುವುದೇ ಗುಟ್ಟಿರಬೇಕೆಂದು ನಾನೂ ಹನ್ನೊಂದಕ್ಕೆ ನಮ್ಮವರ ಹಿಂದೆ ಹೋಟೆಲಿಗೆ ಹೋದೆ. ಎಲ್ಲರೂ ಲೋಟದಲ್ಲೇ ಮುಖ ಹುದುಗಿಸಿದರು. ಹಿರಿಯ ಗುಮಾಸ್ತೆ ಕಾಮಾಕ್ಷಿಯ ತಾಯಿ ಬೆಂಗಳೂರಿನವರು. ಹಾಗಾಗಿ ಕನ್ನಡ ಬಲ್ಲ ಕಾಮಾಕ್ಷಿಯೇ ಕೊನೆಗೆ ಬಾಯಿಬಿಟ್ಟಳು:

“ಸಾರ್, ನಿಮ್ಮನ್ನ ಬೈಯೋಕೆ ನಮಗಿರೋದು ಇದೊಂದೇ ಜಾಗ. ಇಲ್ಲಿಗೂ ಬಂದ್ರೆ ನಾವೆಲ್ಲಿಗೆ ಹೋಗೋದು?”

ಆ ಮಳೆಗಾಲ ಕಚೇರಿಯೊಳಗೆ ನೀರು ನುಗ್ಗಿತು. ಯಾವ ಫೈಲು ಮೊದಲು ಎತ್ತೋಣ, ನಿಮ್ಮ ಅಭಿಪ್ರಾಯವೇನು ಎಂದು ನಾನು ಕೇಳುತ್ತಿದ್ದಾಗಲೇ ವರದಾಚಾರ್ ಮೆಟ್ಟಿಲ ಮೇಲಿಂದ ಕೂಗಿದರು. ನನ್ನವರೆಲ್ಲ ಓಡಿದ್ದು ಅವರ ಕೂಗಿಗೆ. ಎರಡೂ ಸೆಕ್ಷನ್ನನ್ನು ಅವರಿಗೇ ಒಪ್ಪಿಸಿದರೆ ಹೇಗೆ ಎಂದು ಮ್ಯಾನೇಜರ್ ಯೋಚಿಸತೊಡಗಿದರು. ನನ್ನ ನಿದ್ದೆ ಹೋಯಿತು.

ಅಸೂಯೆ ನುಂಗಿಕೊಂಡು ವರದಾಚಾರ್ ಅವರನ್ನೇ ಕೇಳಿದೆ: “ಹೆಂಗ್ ಸಾಧಸ್ತದರೀ ನಿಮಗ?”

“ಕಾಮಾಕ್ಷಿಗೆ ಕೆಲಸ ಗೊತ್ತು, ಏನೂ ಹೇಳ್ಬೇಡಿ ಸ್ವಾಮಿ, ಬಿಟ್ಬಿಡಿ. ಹೊಸಬರ ಪಕ್ಕ ಕೂತ್ಕೊಂಡು ತೋರಿಸಿ. ನೀರು ಬಂದಾಗ ಮಾತ್ರ ಕೂಗಿ. ನೀವು ಎಲ್ಲರಿಗೂ ಒಂದೇ ಲೋಟದಲ್ಲಿ ಹುಯ್ಯೋಕೆ ಹೋಗ್ತೀರಿ!”

ಎಷ್ಟು ಸುಲಭವಾಗಿ ಹೇಳಿಬಿಟ್ಟರು! ಅದಕ್ಕೂ ಉರಿಯಿತು. ಆದರೂ ಹಾಗೇ ಮಾಡಿದೆ. ವರ್ಷಾಂತ್ಯದ ಕೆಲಸ ಹೊತ್ತಿಗೆ ಮುಗಿದು, ಸೆಕ್ಷನ್ ನನ್ನಲ್ಲೇ ಉಳಿಯಿತು. ಹೋಟೆಲಿನತ್ತ ಮಾತ್ರ ಮತ್ತೆ ಸುಳಿಯಲಿಲ್ಲ.

ಬೇಸಿಗೆಯಲ್ಲಿ ರಜೆ ಹಾಕಿ ಧಾರವಾಡಕ್ಕೆ ಹೋದಾಗ ಹಳೆಯ ಕಚೇರಿಯಲ್ಲಿ ಎಂದಿನ ಜಗಳ ನಡೆದಿತ್ತು. ಕೇಳುವವರೆಗೂ ತಡೆಯದೆ, ಯಾರು ಏನು ಮಾಡಬೇಕೆಂದು ನಾನು ಹೇಳಿಬಿಟ್ಟೆ.

“ಸಾಹೇಬ್ರು ಪೂರಾ ಮದ್ರಾಸಿನವರಾಗ್ಯಾರಲ್ಲೋ!” ಎಂದ ಒಬ್ಬ. ಈಗ ನನ್ನ ಹಳೆಯ ಕುರ್ಚಿಯಲ್ಲಿ ಕೂತವನು ಎಲ್ಲರಿಗಿಂತ ಜೋರಾಗಿ ನಕ್ಕ. ಎಲ್ಲರೂ ಅವನನ್ನು ಅಣ್ಣಾ ಎನ್ನುತ್ತಿದ್ದರು.

ಚಹಾ ಬಂತು. ಗಡಿಯಾರ ನೋಡಿದೆ: ಹನ್ನೊಂದು. ನಾನು ರಜೆ ಮುಗಿಸಿ ಮರಳುವವರೆಗೆ ಮದ್ರಾಸಿನಲ್ಲಿ ನನ್ನ ಸೆಕ್ಷನ್ ನೋಡಿಕೊಳ್ಳುತ್ತಿದ್ದವರು ವರದಾಚಾರ್. ಕಾಮಾಕ್ಷಿ ಈಗ ಲೋಟ ಕೆಳಗಿಟ್ಟು ಅವರನ್ನು ಬೈಯುತ್ತಿರಬಹುದು, ನನಗೆ ಸೇರಬೇಕಾದ ಬೈಗುಳ.