ವರ್ಕ್‌ಶಾಪ್ ಲಾರಿಯಲ್ಲಿ ಗಂಡು ನೋಡುವ ಶಾಸ್ತ್ರ

ಹೆಣ್ಣಿನ ಕಡೆಯವರು ನನ್ನನ್ನು ನೋಡಿದ್ದು ಮಿಲಿಟರಿ ಲಾರಿಯೊಂದರ ಮೇಲೆ, ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು ನಿಂತಿದ್ದಾಗ. ಇದನ್ನು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಕತ್ತೆ ಬಾಲ.

ಐವತ್ತರ ದಶಕದ ಕೊನೆಯ ಮಾತು. ನಾನು ಸೈನ್ಯದಲ್ಲಿ ಮೆಕ್ಯಾನಿಕ್. ನಮ್ಮದು ಊರೂರು ಸುತ್ತುವ ವರ್ಕ್‌ಶಾಪ್ ಲಾರಿ. ಹೊರಗಿನಿಂದ ಮಾಮೂಲಿ ಲಾರಿಯೇ. ಪಕ್ಕದ ಹಲಗೆಗಳನ್ನು ಇಳಿಸಿದರೆ ಒಳಗೆ ಲೇತು, ಡ್ರಿಲ್ಲು, ಜನರೇಟರು. ದಾರಿಯಲ್ಲಿ ಯಾವ ಗಾಡಿ ಕೈಕೊಟ್ಟರೂ ನಾವು ಅಲ್ಲೇ ನಿಂತು ರಿಪೇರಿ ಮಾಡಿ, ಮುಂದೆ ಹೋದವರನ್ನು ಸೇರಿಕೊಳ್ಳಬೇಕು. ಆ ಸಲ ಚಿಂತಾಮಣಿ ದಾಟಿ ಶಿಡ್ಲಘಟ್ಟದ ಹಾದಿಯಲ್ಲಿ ಒಂದು ಲಾರಿಯ ಸ್ಪ್ರಿಂಗಿನ ಪಿನ್ನು ಮುರಿಯಿತು. ಹೊಸದೊಂದನ್ನು ಲೇತಿನಲ್ಲಿ ಕಡೆದು ಹಾಕಬೇಕಿತ್ತು. ಇಳಿದು ರಸ್ತೆ ಬದಿಯ ಮೈಲಿಗಲ್ಲು ನೋಡಿದೆ. ಕಲ್ಲಿನ ಮೇಲೆ ಬರೆದಿದ್ದ ಊರಿನ ಹೆಸರು ನನಗೆ ಬಾಯಿಪಾಠವಾಗಿತ್ತು.

ಹಿಂದಿನ ರಜೆಯಲ್ಲಿ ಗೌರಿಬಿದನೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಅಣ್ಣ ಪ್ರಸ್ತಾಪಿಸಿದ್ದ ಹುಡುಗಿ ಈ ಊರಿನವಳು. ಅವಳನ್ನು ಚಿಕ್ಕಬಳ್ಳಾಪುರದಲ್ಲಿ ಒಂದು ಮದುವೆಯಲ್ಲಿ ಕಂಡಿದ್ದೆ. ಬಡಿಸುತ್ತಾ ಬಂದವಳು, ನಾನು ಸಾಕು ಅಂದರೂ ಇನ್ನೊಂದು ಹೋಳಿಗೆ ಹಾಕಿ ನಕ್ಕು ಹೋಗಿದ್ದಳು. ಅಷ್ಟೇ, ನಾನು ಕೆಟ್ಟೆ. ಶಾಸ್ತ್ರಕ್ಕೆ ಹೆಣ್ಣು ನೋಡುವ ಮುಂಚೆಯೇ ರಜೆ ಮುಗಿದಿತ್ತು. ಯುಗಾದಿಯೊಳಗೆ ಬಂದು ನೋಡದಿದ್ದರೆ ಅವಳ ಸೋದರಮಾವನ ಮಗನಿಗೇ ಕೊಟ್ಟುಬಿಡುತ್ತಾರಂತೆ. ಯುಗಾದಿ ಹತ್ತಿರ ಬಂದಿತ್ತು, ರಜೆ ಸಿಗುವ ಸೂಚನೆ ಇರಲಿಲ್ಲ.

ನಮ್ಮ ಉಸ್ತಾದರು ಪಂಜಾಬಿನ ಹವಾಲ್ದಾರರು. ವಿಷಯ ಕೇಳಿ ನನಗಿಂತ ಹೆಚ್ಚು ಕುಣಿದರು. ಚಹಾ ಕುದಿಯುವಷ್ಟರಲ್ಲಿ ಹೋಗಿ ಬಾ ಎಂದರು. ನಾನು ನಮ್ಮ ಮೆಕ್ಯಾನಿಕ್ಕುಗಳ ಪದ್ಧತಿಯಂತೆ ಪೆಟ್ರೋಲಿನಲ್ಲಿ ಕೈ, ಕತ್ತು ತಿಕ್ಕಿ ತೊಳೆದೆ. ಆ ವಾಸನೆ ಮುಚ್ಚಲೆಂದು ಉಸ್ತಾದರು ತಮ್ಮ ಅತ್ತರನ್ನು ಧಾರಾಳವಾಗಿ ಸುರಿದರು. ಮದುಮಗನ ಗತ್ತಿನಲ್ಲಿ ಹೊರಟೆ.

ಹೊಸ್ತಿಲ ಹತ್ತಿರಕ್ಕೂ ಬಿಡಲಿಲ್ಲ. ಹುಡುಗಿಯ ತಾಯಿ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹಿಡಿದುಕೊಂಡೇ ಓಡಿಬಂದು ಅಂಗಳದಲ್ಲಿ ತಡೆದರು. ಒಳಗೆ ನಡುಮನೆಯ ತುಂಬ ತಟ್ಟೆ ತಟ್ಟೆ ರೇಷ್ಮೆಹುಳು, ಇನ್ನೇನು ಗೂಡು ಕಟ್ಟುವಂಥವು. ಅವಕ್ಕೆ ಬೀಡಿ ಹೊಗೆ ಆಗದು, ಒಗ್ಗರಣೆ ಘಾಟೂ ಆಗದು. ನಾನೋ ಪೆಟ್ರೋಲು, ಅತ್ತರು ಎರಡನ್ನೂ ಮೈತುಂಬ ಹೊತ್ತು ಬಂದಿದ್ದೆ. ಕಡಲೆಕಾಯಿ ಬೆಳೆಯುವ ಊರಿನವನಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಯಾರೆಂದು ಹೇಳಿಕೊಂಡ ಮೇಲಂತೂ ಅವರ ಹುಬ್ಬು ಇನ್ನಷ್ಟು ಗಂಟಿಕ್ಕಿತು. ಬಾಲ ಮುದುರಿಕೊಂಡು ವಾಪಸು ಬಂದು ಲೇತಿನ ಮುಂದೆ ನಿಂತೆ.

ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಲಾರಿಯ ಮುಂದೆ ಹುಡುಗಿಯ ತಂದೆ. ಕುತೂಹಲ ತಡೆಯಲಾರದೆ ಹಿಂದೆಯೇ ಬಂದಿದ್ದರು. ಅವರನ್ನು ಎಳೆದುಕೊಂಡು ಹೋಗಲು ತಾಯಿ ಬಂದರು. ತಾಯಿಯ ಹಿಂದೆ, ಸೊಪ್ಪಿನ ಮಂಕರಿಯನ್ನು ಸೊಂಟದ ಮೇಲಿಟ್ಟುಕೊಂಡು, ಅವಳು.

ಉಸ್ತಾದರಿಗೆ ಅಷ್ಟು ಸಾಕಾಯಿತು. ಪೇಟ ಸರಿಮಾಡಿಕೊಂಡು ಗಂಡಿನ ಕಡೆಯ ಹಿರಿಯರಾಗಿಬಿಟ್ಟರು. ಮರದ ಪೆಟ್ಟಿಗೆಗಳ ಮೇಲೆ ಕಂಬಳಿ ಹಾಸಿ ಬೀಗರನ್ನು ಕೂರಿಸಿ, ಎನಾಮಲ್ ಮಗ್ಗಿನಲ್ಲಿ ಚಹಾ ಕೊಟ್ಟರು. ಹೆಣ್ಣಿನ ಮನೆಯಲ್ಲಿ ಆಗಬೇಕಾದ ಉಪಚಾರವೆಲ್ಲ ನಮ್ಮ ಲಾರಿಯ ಬುಡದಲ್ಲಿ ನಡೆಯಿತು. ಉಸ್ತಾದರ ಹಿಂದಿಗೆ ಹುಡುಗಿಯ ತಂದೆ ರೇಷ್ಮೆಗೂಡಿನ ವ್ಯಾಪಾರದಲ್ಲಿ ಕಲಿತ ಉರ್ದುವಿನಲ್ಲಿ ಉತ್ತರ ಕೊಡುತ್ತಿದ್ದರು, ಖುಷಿ ಹೆಚ್ಚಾದಾಗ ತೆಲುಗಿಗೆ ಜಾರುತ್ತಿದ್ದರು. ಹುಡುಗನಿಗೆ ಏನೇನು ಬರುತ್ತದೆ ಎಂದು ಕೇಳಿದರು. ಹೆಣ್ಣಿನ ಕೈಲಿ ಹಾಡು ಹೇಳಿಸುವ ಹಾಗೆ ಉಸ್ತಾದರು ನನ್ನ ಕೈಲಿ ಲೇತು ನಡೆಸಿದರು. ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರಿತು. ಅವಳು ಒಂದನ್ನು ಎತ್ತಿಕೊಳ್ಳಲು ಹೋಗಿ, ಬಿಸಿ ತಾಗಿ ಕೈ ಒದರಿ ನಕ್ಕಳು. ಅದೇ ಹೋಳಿಗೆಯ ನಗು.

ತಾಯಿ ಮಾತ್ರ ಚಹಾ ಮುಟ್ಟಲಿಲ್ಲ. ಮಗಳ ಕಡೆ ತಿರುಗಿ, ನಮಗೆಲ್ಲ ಕೇಳುವಂತೆ ಹೇಳಿದರು:

"ಈ ವಾಸ್ನೆ ಇವರ ಮೈ ಬಿಟ್ಟು ಹೋಗಲ್ಲ ಕಣಮ್ಮ. ಇದ್ರ ಜೊತೆ ಹೆಂಗೆ ಬಾಳ್ತೀಯ?"

ನಾನು ತಲೆಯೆತ್ತದೆ ಲೇತಿನ ಹಿಡಿ ತಿರುಗಿಸಿದೆ.

"ನಾನೇನು ಹುಳ ಅಲ್ವಲ್ಲಮ್ಮ," ಎಂದಳು ಅವಳು.

ತಂದೆ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮುತ್ತಾ ನಕ್ಕರು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುತ್ತಿತ್ತು. ಕೊನೆಗೆ ಮಗ್ಗು ಕೈಗೆತ್ತಿಕೊಂಡು, ನನ್ನನ್ನು ನೋಡದೆ ಗಂಡನಿಗೆ ಹೇಳಿದರು:

"ಗೂಡು ಬಿಡಿಸಿದ ಮೇಲೆ ಇವರ ಅಣ್ಣನ್ನ ಬರಕ್ಕೇಳಿ. ಒಳಗೇ ಕೂತು ಮಾತಾಡಣ."

ನನ್ನ ಕಾಲು ನೆಲದ ಮೇಲಿರಲಿಲ್ಲ. ಉಸ್ತಾದರು ಬೆನ್ನಿಗೆ ಗುದ್ದಿ ಲೇತು ನಿಲ್ಲಿಸುವವರೆಗೂ ಹಿಡಿ ತಿರುಗಿಸುತ್ತಲೇ ಇದ್ದೆನಂತೆ. ಪಿನ್ನು ಸವೆದು ಕಿರುಬೆರಳಿನಷ್ಟಾಗಿತ್ತು. ಇನ್ನೊಂದು ಕಡೆಯಬೇಕಾಯಿತು. ಅದು ಮುಗಿಯುವವರೆಗೂ ಅವಳು ಮಂಕರಿ ಸೊಂಟದ ಮೇಲಿಟ್ಟುಕೊಂಡು ಅಲ್ಲೇ ನಿಂತಿದ್ದಳು, ಮನೆಯಲ್ಲಿ ಅಷ್ಟೂ ಹುಳು ಸೊಪ್ಪಿಗಾಗಿ ಕಾಯುತ್ತಿದ್ದರೂ.