ಇಲ್ಲದ ಕಾಲಿಗೆ ಎಣ್ಣೆ

ಬೀದಿಯವರು ಅವಳನ್ನು ಎಣ್ಣೆಕೈ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಎತ್ತರದ ಮಂಚ, ಸ್ಟೂಲಿನ ಮೇಲೆ ಬೆಚ್ಚಗಿನ ಎಣ್ಣೆಯ ಬಟ್ಟಲು, ಒಗೆದು ಮಡಚಿಟ್ಟ ಟವೆಲ್ಲುಗಳು, ಮೈಕೈ ತಿಕ್ಕುವ ಅವಳ ಕಸುಬಿಗೆ ಇಷ್ಟೇ ಬಂಡವಾಳ. ಕತ್ತು ಹಿಡಿದುಕೊಂಡ ಡ್ರೈವರು, ನಿದ್ದೆಗೆಟ್ಟ ಮೇಷ್ಟ್ರು, ಎಲ್ಲರೂ ಮುಖ ಗಂಟು ಹಾಕಿಕೊಂಡು ಬಂದು ಆಕಳಿಸುತ್ತ ಹೋಗುತ್ತಿದ್ದರು. ಹಾಗಂತ ಬುರುಡೆ ಬಿಡುವವಳಲ್ಲ ಅವಳು. "ಬಿಗಿತ ಸಡಿಲ ಆಗತ್ತೆ, ರಕ್ತ ಓಡಾಡತ್ತೆ, ನಿದ್ದೆ ಬರತ್ತೆ. ಮಿಕ್ಕಿದ್ದಕ್ಕೆ ಡಾಕ್ಟರ ಹತ್ರ ಹೋಗಿ" ಎಂದು ಕಡ್ಡಿ ಮುರಿದಂತೆ ಹೇಳುತ್ತಿದ್ದಳು.

ಊರಿಗೆಲ್ಲ ನಿದ್ದೆ ಹಂಚುವವಳಿಗೆ ಒಡಹುಟ್ಟಿದ ಅಕ್ಕನನ್ನು ಮಲಗಿಸಲು ಆಗಿರಲಿಲ್ಲ ನೋಡಿ. ಅಕ್ಕ ಟೈಲರು. ಲಾರಿಯೊಂದು ಎಡಗಾಲನ್ನು ಜಜ್ಜಿಹಾಕಿದ ಮೇಲೆ ಆಸ್ಪತ್ರೆಯವರು ಮೊಣಕಾಲಿನಿಂದ ಕೆಳಗೆ ತೆಗೆದುಬಿಟ್ಟಿದ್ದರು. ಗಾಯವೇನೋ ಮಾಗಿತು. ಆದರೆ ಇಲ್ಲದ ಪಾದದ ಹೆಬ್ಬೆರಳು ಒಳಕ್ಕೆ ಮಡಚಿಕೊಂಡು ಸೆಟೆಯುತ್ತಿದೆ ಎಂದು ಅಕ್ಕ ನರಳುತ್ತಲೇ ಇದ್ದಳು. ಹೋದ ಅಂಗ ಹಾಗೆ ನೋಯುವುದುಂಟು ಎಂದು ಡಾಕ್ಟರು ಮಾತ್ರೆ ಕೊಟ್ಟರು, ನಿದ್ದೆ ಮಾತ್ರ ಬರಲಿಲ್ಲ. ಅಕ್ಕ ಊಟ ಬಿಟ್ಟಳು. ಹೀಗೇ ಆದರೆ ಇವಳು ಉಳಿಯುವುದಿಲ್ಲ ಎಂದು ತಂಗಿ ಹೆದರಿದ್ದಳು.

ತಂಗಿಗೆ ಕಣ್ಣು ಮುಚ್ಚಿ ಉಜ್ಜುವ ಅಭ್ಯಾಸ. ಒಂದು ಮಧ್ಯಾಹ್ನ ಅಕ್ಕನ ಬಲಗಾಲು ಮುಗಿಸಿ ಎಡಕ್ಕೆ ಬಂದವಳ ಕೈ, ಮೊಣಕಾಲಿನಲ್ಲಿ ನಿಲ್ಲುವುದನ್ನು ಮರೆತು ಕೆಳಗೆ ಜಾರಿತು. ಮೀನಖಂಡ, ಹಿಮ್ಮಡಿ, ಪಾದ. ಅಂಗೈಗೆ ಬೆಚ್ಚಗೆ ತಗುಲಿತು. ಕಣ್ಣು ಬಿಟ್ಟರೆ ಕೈಗಳ ನಡುವೆ ಏನೂ ಇಲ್ಲ. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಯಾಕೇ ನಿಲ್ಲಿಸಿದೆ?" ಎಂದಳು ಅಕ್ಕ. "ಅಲ್ಲೇ ಕಣೇ. ಇನ್ನೊಂಚೂರು ಕೆಳಗೆ."

"ಅಲ್ಲೇನೂ ಇಲ್ಲ ಅಕ್ಕ."

"ಅದು ನಂಗೊತ್ತಿಲ್ವಾ? ಕತ್ತರಿಸಿದ್ದು ನನ್ನ ಕಾಲು ತಾನೆ? ಒತ್ತೇ, ನಿನ್ನ ದಮ್ಮಯ್ಯ."

ಎದ್ದು ಓಡಿಬಿಡೋಣ ಅನ್ನಿಸಿತು. ಆದರೆ ಗುಳಿಬಿದ್ದ ಆ ಕಣ್ಣುಗಳನ್ನು ನೋಡಿಕೊಂಡು ಓಡುವುದಾದರೂ ಹೇಗೆ? ಜೀವ ಬಿಗಿಹಿಡಿದು ಖಾಲಿ ಜಾಗದಲ್ಲಿ ಹೆಬ್ಬೆರಳನ್ನು ಹುಡುಕಿದಳು. ಸಿಕ್ಕಿತು. ಹಟಮಾರಿ ಮಗುವನ್ನು ಪುಸಲಾಯಿಸುವಂತೆ ಎಣ್ಣೆ ಹಚ್ಚಿ, ಮೆಲ್ಲಗೆ ಉಜ್ಜಿ ನೇರ ಮಾಡಿದಳು. ಹಚ್ಚಿದ ಎಣ್ಣೆ ಹಾಸಿಗೆಗೆ ಒಂದು ಹನಿಯೂ ಬೀಳಲಿಲ್ಲ.

"ಬಿಡ್ತು ಕಣೇ" ಎಂದ ಅಕ್ಕ ಮರುಗಳಿಗೆಗೆ ಗೊರಕೆ ಹೊಡೆಯತೊಡಗಿದಳು. ತಂಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಆಮೇಲೆ ಕೈ ತೊಳೆಯಲು ಎದ್ದಾಗ ಒಳಕೋಣೆಯಿಂದ ಸದ್ದು ಕೇಳಿತು. ಟಕಟಕ, ಟಕಟಕ. ಹೋಗಿ ನೋಡಿದರೆ, ಅಪಘಾತದಿಂದೀಚೆಗೆ ಬಟ್ಟೆ ಮುಚ್ಚಿಟ್ಟಿದ್ದ ಅಕ್ಕನ ಹೊಲಿಗೆ ಮೆಷಿನ್ನಿನ ಪೆಡಲು ತನ್ನಷ್ಟಕ್ಕೆ ತಾನೇ ಏರಿಳಿಯುತ್ತಿತ್ತು. ಮಂಚದಿಂದ ಅಲ್ಲಿಯವರೆಗೂ ನೆಲದ ಮೇಲೆ ಎಣ್ಣೆಯ ಹೆಜ್ಜೆಗಳಿದ್ದವು. ಎಲ್ಲವೂ ಎಡಪಾದದವೇ.

ಇತ್ತ ಗೊರಕೆ ನಿಂತು, ಅಕ್ಕ ನಿದ್ದೆಗಣ್ಣಿನಲ್ಲೇ ಮುಲುಗಿದಳು. ತಂಗಿಗೆ ಹೆದರಿಕೆಗಿಂತ ಸಿಟ್ಟು ಬಂತು.

"ಸಾಕು ನಿನ್ನ ಕೆಲಸ" ಎಂದು ಪೆಡಲಿನತ್ತ ಬಾಗಿ ಪಿಸುಗುಟ್ಟಿದಳು. "ಈಗ ತಾನೆ ಮಲಗಿದಾಳೆ. ನೀನೂ ಬಂದು ಮಲಗು."

ಪೆಡಲು ನಿಂತಿತು. ತಂಗಿ ಮರಳಿ ಬಂದು ಮಂಚದ ತುದಿಯಲ್ಲಿ ಅಂಗೈ ಚಾಚಿ ಕಾದಳು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಬೆಚ್ಚಗೆ ಏನೋ ಒರಗಿತು. ಅಕ್ಕನ ಗೊರಕೆ ಮತ್ತೆ ಶುರುವಾಯಿತು.

ಹೊರಗೆ ಡ್ರೈವರು ಬಾಗಿಲು ತಟ್ಟಿ ತಟ್ಟಿ ಹೋದ. ಅವಳು ಏಳಲಿಲ್ಲ. ಕೈ ತೆಗೆದರೆ ಅದು ಮತ್ತೆ ಎದ್ದು ಹೋಗುತ್ತದೆ.