ಬೂತಾಯಿ ಮೇಲೆ, ಅಂಜಲ್ ಕೆಳಗೆ

ಶಾಲೆಯ ಹಾಡಿನ ಗುಂಪಾದ ಕಾಯಿರ್‌ಗೆ ನನ್ನನ್ನು ಸೇರಿಸಿಕೊಂಡದ್ದು ನಾನು ಚಂದ ಹಾಡುತ್ತೇನೆಂದಲ್ಲ, ನನ್ನ ಬಾಯಿ ಮುಚ್ಚಿಸಲಿಕ್ಕೆ. ನಾನು ಹುಟ್ಟಿ ಬೆಳೆದದ್ದು ಬೆಂಗ್ರೆಯಲ್ಲಿ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ನಡುವಿನ ಮರಳಿನ ಮೇಲೆ ನಮ್ಮ ಮನೆ. ಅಲ್ಲಿ ಗಾಳಿಗೆ ಮಾತು ಹಾರಿಹೋಗುತ್ತದೆ, ಉಪ್ಪು ಕೇಳಬೇಕಾದರೂ ಕೂಗಬೇಕು. ದೋಣಿಯಲ್ಲಿ ಹೊಳೆ ದಾಟಿ ಪೇಟೆಯ ಕಾನ್ವೆಂಟಿಗೆ ಹೋಗತೊಡಗಿದ ಮೇಲೂ ನನಗೆ ಆ ಅಭ್ಯಾಸ ತಪ್ಪಲಿಲ್ಲ. ಹಾಡು ಕಲಿಸುತ್ತಿದ್ದ ಸಿಸ್ಟರ್ ಒಂದು ದಿನ ವರಾಂಡದಿಂದ ನನ್ನನ್ನು ಎಳೆದುಕೊಂಡು ಹೋಗಿ ಕಾಯಿರಿನ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಪಕ್ಕದವಳ ಸ್ವರ ನಿನಗೆ ಕೇಳಬೇಕು, ಅಷ್ಟು ಮೆಲ್ಲಗೆ ಹಾಡು ಎಂದರು.

ನಾನು ಕೇಳಿದೆ. ಎಷ್ಟು ಕೇಳಿದೆನೆಂದರೆ, ಬಲಗಡೆಯವಳ ಹಾಡು ಚಂದ ಅನ್ನಿಸಿದರೆ ಅವಳ ಹಿಂದೆ ಹೋಗುತ್ತಿದ್ದೆ, ಎಡಗಡೆಯವಳದ್ದು ಚಂದ ಅನ್ನಿಸಿದರೆ ಈಚೆ ಬರುತ್ತಿದ್ದೆ. ಒಂದೇ ಹಾಡನ್ನು ಮೂರು ಗುಂಪು ಮೂರು ಎತ್ತರದಲ್ಲಿ ಹಾಡುವುದು, ಆದರೂ ಅದು ಜಗಳವಾಗದೆ ಒಂದೇ ಹಾಡಾಗಿ ಕೇಳುವುದು ನನಗೆ ದೊಡ್ಡ ಮೋಡಿಯಾಗಿತ್ತು. ಸಿಸ್ಟರ್ ನನಗೆ ಅಲೆಮಾರಿ ಎಂದು ಹೆಸರಿಟ್ಟರು.

ಆ ವರ್ಷ ಸ್ಕೂಲ್ ಡೇ ದಿನ ಬೆಳಿಗ್ಗೆ ಸಿಸ್ಟರ್ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಕೈ ಆಡಿಸಿ ಹಾಡಿಸುವವರು ಬೇಕಲ್ಲ, ಎಲ್ಲರ ಪಾಲೂ ಗೊತ್ತಿದ್ದದ್ದು ಈ ಅಲೆಮಾರಿಗೆ ಮಾತ್ರ. ಸೋಡಾ ಬಾಟ್ಲಿಯ ಕ್ರೇಟನ್ನು ಬೋರಲು ಹಾಕಿ ಅದರ ಮೇಲೆ ನನ್ನನ್ನು ನಿಲ್ಲಿಸಿದರು. ನಾನು ಕೈ ಎತ್ತಿದೆ. ನಲವತ್ತು ಹುಡುಗಿಯರು ಒಟ್ಟಿಗೆ ಉಸಿರೆಳೆದುಕೊಂಡರು. ಹಾಡು ಇನ್ನೂ ಶುರುವೇ ಆಗಿರಲಿಲ್ಲ, ಆ ಉಸಿರಿಗೇ ನನ್ನ ತಲೆ ಗಿರ್ರೆಂದಿತು. ಇಷ್ಟು ಜನ ನನ್ನ ಕೈಗಾಗಿ ಕಾಯುತ್ತಿದ್ದಾರೆ! ಕೈ ಇಳಿಸಲು ಮರೆತೇಬಿಟ್ಟೆ. ಮುಂದಿನ ಸಾಲಿನ ಒಬ್ಬಳು ಉಸಿರು ಹಿಡಿದು ಹಿಡಿದು ಕೆಂಪಾದ ಮೇಲೆ ನೆನಪಾಯಿತು.

ಆ ಅಮಲು ಇಳಿಯಲಿಲ್ಲ. ಸಿಸ್ಟರ್ ಹತ್ತಿರವೇ ಪಿಯಾನೋ ಕಲಿತೆ, ಸ್ವರಲಿಪಿ ಓದಲು ಕಲಿತೆ, ಪರೀಕ್ಷೆಗಳನ್ನು ಕಟ್ಟಿದೆ, ಕೊನೆಗೆ ಪೇಟೆಯಲ್ಲೇ, ಬಿಜೈಯ ಒಂದು ಶಾಲೆಯಲ್ಲಿ ಮ್ಯೂಸಿಕ್ ಟೀಚರಾದೆ. ಈಗಲೂ ಅಲ್ಲೇ ಇದ್ದೇನೆ. ಮೊದಲ ವಾರ ಒಂದನೇ ಕ್ಲಾಸಿನ ಮಕ್ಕಳಿಗೆ ಬಾಯಿ ಮುಚ್ಚಿ ಗುಂಯ್‌ಗುಡಲು ಕಲಿಸಿದ್ದೆ. ಅವರು ಮಧ್ಯಾಹ್ನ ಗಣಿತದ ಪಿರಿಯಡ್ಡಿನಲ್ಲಿಯೂ ಶುರು ಮಾಡಿದರು. ಹೆಡ್‌ಮಿಸ್ಟ್ರೆಸ್ ಜೇನು ಗೂಡು ಕಟ್ಟಿದೆ ಎಂದು ತಿಳಿದು ಏಣಿ ತರಿಸಿದರು.

ಅಮ್ಮನಿಗೆ ಮಾತ್ರ ನನ್ನ ಕೆಲಸ ಎಂತದೆಂದು ತಲೆಗೆ ಹೋಗುತ್ತಿರಲಿಲ್ಲ. ಅವಳು ಮೂವತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಿದವಳು. ಮೊಣಕಾಲು ನೋವು ಜಾಸ್ತಿಯಾದ ಮೇಲೆ ಮನೆಯಲ್ಲಿದ್ದಳು. ಎರಡು ವರ್ಷದ ಹಿಂದೆ, ಒಂದು ಭಾನುವಾರ, ನಾನು ಶಾಲೆಯ ಮಕ್ಕಳ ಹಾಡನ್ನು ಮೊಬೈಲಿನಲ್ಲಿ ಹಾಕಿಕೊಂಡು ತಪ್ಪು ಹುಡುಕುತ್ತಿದ್ದೆ. ಅಮ್ಮ ಹಿತ್ತಿಲಲ್ಲಿ ಮೀನು ಕೊಯ್ಯುತ್ತಾ ಅದರ ಜೊತೆ ಗುನುಗುತ್ತಿದ್ದಳು. ಮಕ್ಕಳ ಹಾಡನ್ನಲ್ಲ. ಅದಕ್ಕಿಂತ ಕೆಳಗೆ, ಬೇರೆಯೇ ಒಂದು ದಾರಿಯಲ್ಲಿ, ಎಲ್ಲಿಯೂ ಮುಗ್ಗರಿಸದೆ. ನಾನು ಮಕ್ಕಳಿಗೆ ಆರು ತಿಂಗಳು ಬಡಿದುಕೊಂಡು ಕಲಿಸುವುದನ್ನು ಅವಳು ಬೂತಾಯಿಯ ತಲೆ ತೆಗೆಯುತ್ತಾ ಮಾಡುತ್ತಿದ್ದಳು.

ಅಮ್ಮಾ, ನೀನು ಹೀಗೆ ಕೆಳಗೆ ಹಾಡುವುದನ್ನು ಎಲ್ಲಿ ಕಲಿತೆ ಎಂದು ಕೇಳಿದೆ.

"ಎಲ್ಲರೂ ಮೇಲೆ ಹೋದರೆ ಕೆಳಗೆ ಯಾರಾದರೂ ಬೇಡವಾ?" ಎಂದಳು.

ನಾನು ಕೂತಲ್ಲಿಂದ ಎದ್ದು ಕುಣಿದೇಬಿಟ್ಟೆ. ಅಮ್ಮ ಕತ್ತಿ ಹಿಡಿದ ಕೈಯಲ್ಲಿ ನನ್ನನ್ನು ದೂರ ಮಾಡಿದಳು. ಮರುದಿನ ಸಂಜೆಯೊಳಗೆ ಅವಳ ಜೊತೆ ಮೀನು ಮಾರುತ್ತಿದ್ದ ಹನ್ನೊಂದು ಹೆಂಗಸರನ್ನು ಬಲೆ ಹೊಲಿಯುವ ಚಪ್ಪರದಡಿ ಸೇರಿಸಿದೆ.

ಸೊಪ್ರಾನೊ, ಆಲ್ಟೊ ಎಂದರೆ ಅವರು ನನ್ನ ಮುಖ ನೋಡಿದರು. ಹಾಗಾಗಿ ಮೇಲಿನ ಸ್ವರದವರು ಬೂತಾಯಿ, ನಡುವಿನವರು ಬಂಗುಡೆ, ಕೆಳಗಿನವರು ಅಂಜಲ್ ಎಂದು ಹೆಸರಿಟ್ಟೆ. ಅದೇ ದೊಡ್ಡ ತಪ್ಪಾಯಿತು. ಅಂಜಲ್ ದುಬಾರಿ ಮೀನು, ಬೂತಾಯಿ ಅಗ್ಗದ್ದು, ಎಲ್ಲರಿಗೂ ಅಂಜಲೇ ಆಗಬೇಕು. ಗುಂಪಿನಲ್ಲಿ ಒಂದೇ ಮನೆಯ ಅತ್ತೆ, ಸೊಸೆ ಇಬ್ಬರೂ ಇದ್ದರು. ಅತ್ತೆಗೆ ನಿಮ್ಮ ಸ್ವರ ಬೂತಾಯಿ ಎಂದದ್ದಕ್ಕೆ, ಸೊಸೆ ಬಂಗುಡೆಯಾದರೆ ನಾನು ಬೂತಾಯಿಯಾ ಎಂದು ಎರಡು ದಿನ ಬರಲಿಲ್ಲ. ಬೂತಾಯಿಯ ಹಾಗೆ ಮಿಂಚುವ ಮೀನು ಬೇರೆ ಉಂಟಾ ಎಂದು ಅಮ್ಮನೇ ಹೋಗಿ ಕರೆದುಕೊಂಡು ಬಂದಳು.

ಕೈರಂಪಣಿ ಎಂದರೆ ದಡದಲ್ಲಿ ನಿಂತು ಎರಡೂ ಕಡೆಯಿಂದ ಹಗ್ಗ ಎಳೆದು ಒಳಗೆ ತರುವ ದೊಡ್ಡ ಬಲೆ. ಅದನ್ನು ಎಳೆಯುವಾಗ ಹಿಂದೆ ಒಬ್ಬರು ಕೂಗಿ ಕೊಡುತ್ತಿದ್ದರು, ಉಳಿದವರು ಸ್ವರ ಸೇರಿಸುತ್ತಿದ್ದರು. ಆ ಕೂಗನ್ನೇ ನಾನು ಮೂರು ಪಾಲು ಮಾಡಿ ಹಾಡಾಗಿ ಕೂಡಿಸಿದೆ. ಗಂಡಸರ ಹಾಡು ನಮಗೆ ಎಂತಕ್ಕೆ ಎಂದು ಒಬ್ಬಳು ಗೊಣಗಿದಳು. ಹಗ್ಗದ ತುದಿಯಲ್ಲಿ ನಾವು ಇರಲಿಲ್ವಾ ಎಂದು ಇನ್ನೊಬ್ಬಳು ಬಾಯಿ ಮುಚ್ಚಿಸಿದಳು. ಜೋರಾಗಿ ಹಾಡುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಮೆಲ್ಲಗೆ ಎಂದರೆ ಮಾತ್ರ ನಗು. ಮೆಲ್ಲಗೆ ಕೂಗಿದರೆ ಮೀನು ಯಾರು ತೆಗೆದುಕೊಳ್ತಾರೆ ಮಾರಾಯ್ತಿ ಎಂದು ಹನ್ನೆರಡು ಮಂದಿಯೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ತಿಂಗಳು ಹೀಗೆ ನಕ್ಕು ನಕ್ಕು ಕಲಿತರು.

ಪೇಟೆಯ ಒಂದು ಹಾಲಿನಲ್ಲಿ ಊರಿನ ಕಾಯಿರುಗಳೆಲ್ಲ ಸೇರುವ ಕಾರ್ಯಕ್ರಮವಿತ್ತು. ಮಧ್ಯಾಹ್ನ ಮೂರಕ್ಕೆ, ನಮ್ಮದೇ ಮೊದಲ ಹಾಡು. ಒಂದೇ ಬಣ್ಣದ ಸೀರೆ, ತಲೆ ತುಂಬ ಮಲ್ಲಿಗೆ, ಎಲ್ಲರೂ ಎರಡು ಗಂಟೆಯ ದೋಣಿ ಹತ್ತಿದೆವು. ಹೊಳೆಯ ನಡುವೆ ದೋಣಿ ಕೆಳಗಿನ ಮರಳಿಗೆ ಕೂತುಬಿಟ್ಟಿತು. ಇಳಿತದ ಹೊತ್ತು, ನೀರು ಏರುವವರೆಗೆ ಕಾಯಬೇಕು ಎಂದ ದೋಣಿಯವನು. ದೋಣಿ ಕಟ್ಟುವ ಎದುರಿನ ದಕ್ಕೆ ಕಾಣುತ್ತಿತ್ತು, ಕೈ ಚಾಚಿದರೆ ಸಿಗುವ ಹಾಗೆ. ನನಗೆ ಅಳು ಬಂತು. ಅಮ್ಮ, ಸುಮ್ಮನೆ ಕೂರುವ ಬದಲು ಒಮ್ಮೆ ಹಾಡಿಸು ಎಂದಳು. ಚೀಲದಿಂದ ಶುರುವಿನ ಸ್ವರ ಕೊಡುವ ಶ್ರುತಿಯ ಪೀಪಿ ತೆಗೆದು ಊದಿದೆ, ಎದ್ದು ನಿಂತು ಕೈ ಎತ್ತಿದೆ. ದೋಣಿಯವನು ಕೂತುಕೊಳ್ಳಿ ಟೀಚರೇ ಎಂದು ಬೈದ. ಕೂತೇ ಹಾಡಿಸಿದೆ. ಸ್ಕೂಟರಿನ ಜೊತೆ ನಿಂತಿದ್ದವರು, ಮಗುವನ್ನು ಆಸ್ಪತ್ರೆಯಲ್ಲಿ ತೋರಿಸಲು ಹೊರಟಿದ್ದ ತಾಯಿ, ಎಲ್ಲರೂ ತಾಳ ಹಾಕಿದರು. ಮಗು ನಿದ್ದೆಹೋಯಿತು, ಅದನ್ನು ನೋಡಿ ನಮ್ಮ ಹೆಂಗಸರು ಜೀವಮಾನದಲ್ಲಿ ಮೊದಲ ಸಲ ಮೆಲ್ಲಗೆ ಹಾಡಿದರು.

ನೀರು ಏರಿ ದೋಣಿ ಹೊರಟು, ನಾವು ಹಾಲಿಗೆ ಮುಟ್ಟುವಾಗ ನಾಲ್ಕೂವರೆ. ಮುಂಡಾಸು ಕಟ್ಟಿದ ವಂದನಾರ್ಪಣೆಯವರು ಮೈಕಿನ ಮುಂದೆ ನಿಂತಾಗಿತ್ತು. ನಾನು ಕೈಮುಗಿದು ಕೇಳಿದೆ, ಅವರು ನಕ್ಕು ಜಾಗ ಬಿಟ್ಟರು. ವೇದಿಕೆ ಹತ್ತಿ ಚೀಲಕ್ಕೆ ಕೈ ಹಾಕಿದರೆ ಪೀಪಿ ಇಲ್ಲ. ದೋಣಿಯ ಹಲಗೆಯ ಮೇಲೆಯೇ ಉಳಿದಿತ್ತು. ಆ ಗಡಿಬಿಡಿಯಲ್ಲಿ ಶುರುವಿನ ಸ್ವರವೇ ನನಗೆ ನೆನಪಿಗೆ ಬರಲಿಲ್ಲ. ನಾನು ಕಣ್ಣು ಬಿಟ್ಟು ನಿಂತದ್ದನ್ನು ಕಂಡು ಅಮ್ಮ ತಾನೇ ಒಂದು ಸ್ವರ ಹಿಡಿದಳು. ಅಂಜಲ್‌ಗಳು ಅದಕ್ಕೆ ಸೇರಿಕೊಂಡವು. ಬರಬೇಕಾದ್ದಕ್ಕಿಂತ ಎರಡು ಮೆಟ್ಟಿಲು ಮೇಲಿತ್ತು. ಬೂತಾಯಿಗಳು ಹೋಗಬೇಕಾದ ಎತ್ತರ ಯೋಚಿಸಿ ಅತ್ತೆಯ ಮುಖ ನೋಡಿದೆ. ನಿಲ್ಲಿಸುವ ಹಾಗಿಲ್ಲ, ಕೈ ಆಡಿಸುತ್ತಾ ಹೋದೆ.

ಆ ಎತ್ತರದ ಜಾಗ ಬಂತು. ಬೂತಾಯಿ ಅತ್ತೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಮ್ಮಡಿ ಎತ್ತಿ, ಮೀನು ಮಾರುವಾಗ ಮನೆಮನೆಗೆ ಕೇಳುವಂತೆ ಕೂಗುತ್ತಿದ್ದ ಹಾಗೆಯೇ ಆ ಸ್ವರವನ್ನು ಒಂದೇ ಏಟಿಗೆ ಹೊಡೆದರು. ನೇರ, ಸ್ವಚ್ಛ, ಒಂದು ಕೂದಲೆಳೆ ಅತ್ತಿತ್ತ ಇಲ್ಲ. ಸೊಸೆ ಪಕ್ಕಕ್ಕೆ ತಿರುಗಿ ಅವರನ್ನೇ ನೋಡುತ್ತಾ ತನ್ನ ಪಾಲು ಹಾಡಿದಳು. ನನಗೆ ನಗು, ಅಳು ಎರಡೂ ಒಟ್ಟಿಗೆ ಬಂದು ಕೈ ಎಲ್ಲೆಲ್ಲಿಗೋ ಹೋಯಿತು, ಯಾರೂ ನನ್ನ ಕೈ ನೋಡುತ್ತಿರಲಿಲ್ಲ. ಒಬ್ಬರನ್ನೊಬ್ಬರು ಕೇಳಿಕೊಂಡು ಹಾಡುತ್ತಿದ್ದರು. ಮುಗಿದಾಗ ಸಭೆ ಎದ್ದು ನಿಂತಿತು. ನಮ್ಮವರಿಗೆ ಅದು ಗೊತ್ತಾಗದೆ, ಜನ ಮನೆಗೆ ಹೊರಟರೆಂದು ತಿಳಿದು ಇಳಿಯತೊಡಗಿದರು. ಇನ್ನೊಮ್ಮೆ ಹಾಡಬೇಕಂತೆ ಎಂದು ನಾನೇ ತಡೆದೆ.

ಆಮೇಲೆ ಹದಿಮೂರು ಮಂದಿ ಐಸ್‌ಕ್ರೀಮ್ ಅಂಗಡಿಗೆ ನುಗ್ಗಿ ಗಡ್‌ಬಡ್ ತಿಂದೆವು. ಉದ್ದ ಚಮಚ ಹಿಡಿದು ಅತ್ತೆ, ಅಂಜಲ್‌ಗಳಿಗೆ ಇಷ್ಟು ಮೇಲೆ ಹೋಗಲಿಕ್ಕೆ ಆಗ್ತಿತ್ತಾ ಎಂದು ಕೇಳಿದರು. ಅಂಜಲ್‌ಗಳು ಬಾಯಿ ತುಂಬಿಕೊಂಡೇ ಅಡ್ಡಡ್ಡ ತಲೆ ಆಡಿಸಿದವು.

ಈಗ ನಾವು ಹತ್ತೊಂಬತ್ತು ಮಂದಿ. ಕಳೆದ ತಿಂಗಳು ಪಣಂಬೂರಿನ ಒಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಹಾಡಿ ಬಂದೆವು. ಮೊನ್ನೆ ಇಬ್ಬರು ಗಂಡಸರು ಚಪ್ಪರದ ಹತ್ತಿರ ಬಂದು ನಮ್ಮನ್ನೂ ಸೇರಿಸಿಕೊಳ್ಳಿ ಎಂದರು. ಪರೀಕ್ಷೆ ಮಾಡಲು ಅಮ್ಮ ಕೂತಳು. ಇಬ್ಬರನ್ನೂ ಹಾಡಿಸಿದಳು, ಬಾಯಿ ಮುಚ್ಚಿ ಗುಂಯ್‌ಗುಡಿಸಿದಳು, ಕೊನೆಗೆ ನನ್ನ ಕಡೆ ತಿರುಗಿ, ಸ್ವರ ಉಂಟು, ಪಕ್ಕದವರನ್ನು ಕೇಳುವ ಕಿವಿ ಇಲ್ಲ, ಬುಧವಾರದಿಂದ ಬರಲಿ, ಸುಮ್ಮನೆ ಕೂತು ಕೇಳಲಿ ಎಂದಳು. ಅವರು ಬುಧವಾರ ಬಂದರು. ಬರುವಾಗ ತಮ್ಮ ಜೊತೆ ಇನ್ನೂ ಮೂವರನ್ನು ಕರೆದುಕೊಂಡು ಬಂದಿದ್ದರು.